ಎಡೆದೊರೆ ನಾಡಿನ ಮೈಗಾವಲು

ಕೃಷ್ಣೆ ತುಂಗಭದ್ರೆಗಳ ನಡುವೆ ಹಬ್ಬಿರುವ, ಪ್ರಾಚೀನ ಶಾಸನಗಳು ಎಡೆದೊರೆ ಎಂದು ಹೆಸರಿಸಿದ ಈ ಸೀಮೆಯಲ್ಲಿ, ಹೆದ್ದಾರಿಯನ್ನು ತೊರೆದು ಹೊಲದ ಬದುಗಳ ಮೇಲೂ ಬಂಡೆಗಳ ಸಂದಿಯಲ್ಲಿಯೂ ಸಂಚರಿಸುವವನು ತನ್ನ ದೇಹವನ್ನು ಏನನ್ನು ಧರಿಸಿ ಕಾಪಾಡಿಕೊಳ್ಳಬೇಕೆಂಬ ಪ್ರಶ್ನೆಯು ಮೋಟಾರ್ ಸೈಕಲ್ಲಿನೊಡನೆ ಹುಟ್ಟಿದುದಲ್ಲ. ಸಿಂಧನೂರಿನ ಎರೆಭೂಮಿ ಬೇಸಗೆಯಲ್ಲಿ ಬಾಯ್ದೆರೆದು ಬಿರಿಯುತ್ತದೆ, ಮಳೆ ಬಿದ್ದರೆ ಹೆಜ್ಜೆಹೆಜ್ಜೆಗೂ ಕಾಲನ್ನು ಹಿಡಿದೆಳೆಯುತ್ತದೆ. ಮಸ್ಕಿಯ ಗುಡ್ಡಗಳಲ್ಲಿ ಕಲ್ಲು, ಲಿಂಗಸುಗೂರಿನ ಮಸಾರಿ ನೆಲದಲ್ಲಿ ಜಾಲಿಯ ಮುಳ್ಳು, ಇವೆಲ್ಲದರ ನೆತ್ತಿಯ ಮೇಲೆ 40 ಡಿಗ್ರಿಯನ್ನು ಮೀರುವ ಬಿಸಿಲು. ಈ ವೈರಿಗಳೆಲ್ಲವನ್ನೂ ಏಕಕಾಲದಲ್ಲಿ ಎದುರಿಸುವ ಉಡುಪನ್ನು ಯಾವ ಕಾಲದವರೂ ಹೊಲಿಯಲಿಲ್ಲ. ಆಯಾ ಕಾಲದವರು ತಾವು ಅತ್ಯಧಿಕವಾಗಿ ಅಂಜಿದ ಒಂದನ್ನು ಆರಿಸಿಕೊಂಡು ಅದಕ್ಕೆ ಕಾವಲಿಟ್ಟರು, ಮಿಕ್ಕವುಗಳಿಗೆ ಮೈಯೊಡ್ಡಿದರು.

ರಾಯಚೂರಿನ ಕೋಟೆಗಾಗಿ ಕೃಷ್ಣದೇವರಾಯನೂ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನೂ ಕಾದಾಡಿದುದು, ಇತಿಹಾಸಕಾರರು ಸಾಮಾನ್ಯವಾಗಿ ಒಪ್ಪುವ ಗಣನೆಯಂತೆ, 1520ರ ಮೇ ತಿಂಗಳಿನಲ್ಲಿ. ಎಂದರೆ ಈ ನೆಲವು ಕಾದ ಹಂಚಿನಂತಿರುವ ಕಾಲದಲ್ಲಿ. ಆ ದಂಡಯಾತ್ರೆಯನ್ನು ಬಣ್ಣಿಸಿದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್, ಬಿಲ್ಲುಗಾರರೂ ಬಂದೂಕಿನವರೂ ಹತ್ತಿ ತುಂಬಿ ಹೊಲಿದ ದಪ್ಪ ಅಂಗಿಗಳನ್ನು ತೊಟ್ಟಿದ್ದರೆಂದೂ, ಗುರಾಣಿಯವರ ಗುರಾಣಿಗಳು ಬೇರೆ ಕವಚವೇ ಬೇಡವೆನ್ನುವಷ್ಟು ವಿಶಾಲವಾಗಿದ್ದುವೆಂದೂ ತಿಳಿಸುತ್ತಾನೆ. ಪದರದ ಮೇಲೆ ಪದರವಿಟ್ಟು ಹೊಲಿದ ಅಂಗಿಯು ಪೆಟ್ಟನ್ನು ತಡೆದು ನಿಲ್ಲಿಸುವುದಕ್ಕಿಂತ ಮಿಗಿಲಾಗಿ ಅದನ್ನು ಹರಡಿ ದುರ್ಬಲಗೊಳಿಸುತ್ತದೆ. ಅದರೊಳಗಿನ ಯೋಧನಾದರೋ ಶತ್ರುವಿನ ಬಾಣಕ್ಕೆ ಮೊದಲೇ ತನ್ನ ಬೆವರಿನಲ್ಲಿ ಬೆಂದಿರಬೇಕು. ಗಾಯಕ್ಕೆ ಅಂಜಿದವರು ಬೇಗೆಯನ್ನು ಸಹಿಸಿದರು.

ಒಕ್ಕಲಿಗನ ಲೆಕ್ಕಾಚಾರವು ಇದಕ್ಕೆ ವಿಪರೀತ. ಅವನಿಗೆ ಬಿಸಿಲೂ ಮಳೆಯೂ ಮುಳ್ಳೂ ನಿತ್ಯದವು, ಬೀಳುವುದು ಎಂದೋ ಒಮ್ಮೆ. ಆದುದರಿಂದ ತಲೆಗೆ ಹಲವು ಸುತ್ತಿನ ರುಮಾಲು, ಹೆಗಲಿಗೆ ಕಂಬಳಿ, ಕಾಲಿಗೆ ಮೆಟ್ಟು. ಕುರುಬರು ದಖ್ಖನಿ ಕುರಿಯ ಒರಟು ಉಣ್ಣೆಯಿಂದ ನೇಯ್ದ ಕರಿಕಂಬಳಿಗೆ ಹುಣಿಸೆಬೀಜದ ಗಂಜಿಯನ್ನು ಬಳಿದು ಒಣಗಿಸುತ್ತಿದ್ದರು. ಆ ಬಿಗುವಿನಿಂದ, ಕೊಪ್ಪೆ ಮಾಡಿ ಹೊದ್ದ ಕಂಬಳಿಯ ಮೇಲೆ ಬಿದ್ದ ಮಳೆ ಬಹುಹೊತ್ತು ಒಳಗಿಳಿಯದೆ ಜಾರಿಹೋಗುತ್ತಿದ್ದಿತು. ಮೆಟ್ಟಿನ ಅಟ್ಟೆಯಾದರೋ, ತಂಗಡಿಯ ತೊಗಟೆಯಲ್ಲಿ ಹದಮಾಡಿದ ತೊಗಲಿನ ಹಲವು ಪದರಗಳನ್ನು ಒಂದರ ಮೇಲೊಂದಿಟ್ಟು, ತೊಗಲ ದಾರದಿಂದಲೇ ಹೊಲಿದು, ಅಡಿಯಲ್ಲಿ ಮೊಳೆ ಹೊಡೆದದ್ದು. ಜಾಲಿಮುಳ್ಳು ಅದನ್ನು ದಾಟಲಾರದು. ಆದರೆ ಹರಡು ಬಯಲಾಗಿಯೇ ಉಳಿಯುತ್ತಿದ್ದಿತು, ಹಸಿ ಎರೆಯಲ್ಲಿ ಮಣ್ಣು ಮೆತ್ತಿ ಮೆಟ್ಟೇ ಕಾಲಿಗೆ ಭಾರವಾಗುತ್ತಿದ್ದಿತು. ಮಳೆಗಾಲದಲ್ಲಿ ಅದನ್ನು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಹೋಗುವವರನ್ನು ಈಗಲೂ ಕಾಣಬಹುದು. ಇಲ್ಲಿ ಒಂದು ಮಾತನ್ನು ನುಂಗಿಕೊಳ್ಳಲಾಗದು: ಊರಿಗೆಲ್ಲ ಮೆಟ್ಟು ಹೊಲಿದುಕೊಟ್ಟ ಜನರಿಗೇ ಮೇಲ್ಜಾತಿಯವರ ಕೇರಿಯಲ್ಲಿ ಮೆಟ್ಟು ಮೆಟ್ಟಿ ನಡೆಯುವ ಹಕ್ಕು ಈ ನಾಡಿನ ಅನೇಕ ಹಳ್ಳಿಗಳಲ್ಲಿ ಇರಲಿಲ್ಲ. ರಕ್ಷಣೆಯ ಇತಿಹಾಸವನ್ನು ಬರೆಯುವವರು ಯಾರಿಗೆ ಅದು ನಿಷಿದ್ಧವಾಗಿತ್ತೆಂಬುದನ್ನೂ ಬರೆಯತಕ್ಕದ್ದು.

ಲಿಂಗಸುಗೂರು ಹೈದರಾಬಾದಿನ ಕಂಟಿಂಜೆಂಟ್ ಸೈನ್ಯದ ಛಾವಣಿಯಾಗಿದ್ದ ದಿನಗಳಲ್ಲಿ ಇಂಗ್ಲಿಷ್ ಅಧಿಕಾರಿಗಳ ಮೂಲಕ ಸೋಲಾ ಟೊಪ್ಪಿಗೆಯ ಯುಗವೂ ಬಂದು ಹೋಯಿತು. ನೀರುಗಿಡವೊಂದರ ತಿರುಳಿನಿಂದಾದ ಆ ಹಗುರ ಟೊಪ್ಪಿಗೆಯು ಬಿಸಿಲಿಗೆ ಉತ್ತಮ, ಬಂಡೆಗೆ ನಿಷ್ಪ್ರಯೋಜಕ. ಅಂಥ ಬಂಡೆಗಳ ನಡುವೆಯೇ, ಮಸ್ಕಿಯಲ್ಲಿ, 1915ರಲ್ಲಿ ಅಶೋಕನ ಹೆಸರನ್ನೇ ಹೊತ್ತ ಶಾಸನವನ್ನು ಕಂಡವನು ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರು. ಹಾದಿ ಬಿಟ್ಟು ತಿರುಗುವವರಿಗೆ ಈ ಸೀಮೆ ಕೊಟ್ಟ ಬಹುಮಾನಗಳಲ್ಲಿ ಅದಕ್ಕೆ ಸಮನಾದುದು ಇನ್ನೊಂದಿಲ್ಲ.

ಬೀಳುವ ತಲೆಯನ್ನು ಕುರಿತು ಶಾಸ್ತ್ರೀಯವಾಗಿ ಆಲೋಚಿಸಿದುದು ದೂರದ ಇಂಗ್ಲೆಂಡಿನಲ್ಲಿ. 1935ರಲ್ಲಿ ಮೋಟಾರ್ ಸೈಕಲ್ಲಿನಿಂದ ಬಿದ್ದು, ಅರೇಬಿಯಾದ ಲಾರೆನ್ಸ್ ಎಂದು ಖ್ಯಾತನಾದ ಟಿ. ಇ. ಲಾರೆನ್ಸ್ ಮೃತನಾದಾಗ ಅವನನ್ನು ನೋಡಿದ ವೈದ್ಯರಲ್ಲಿ ಒಬ್ಬನಾದ ಹ್ಯೂ ಕೇರ್ನ್ಸ್, ಸೈನ್ಯದ ಸವಾರರ ತಲೆಪೆಟ್ಟುಗಳನ್ನು ಪರಿಶೀಲಿಸಿ ಹೆಲ್ಮೆಟ್ಟಿನ ಪ್ರಯೋಜನವನ್ನು ಕುರಿತ ಲೇಖನವನ್ನು 1941ರಲ್ಲಿ ಪ್ರಕಟಿಸಿದನು. ಇಂದಿನ ಹೆಲ್ಮೆಟ್ಟಿನಲ್ಲಿ ಹೊರಗಿನ ಚಿಪ್ಪಿಗಿಂತಲೂ ಒಳಗಿನ ಥರ್ಮಾಕೋಲಿನಂಥ ಪದರವೇ ಮುಖ್ಯ: ತಾನು ನಜ್ಜುಗುಜ್ಜಾಗಿ ಅದು ಪೆಟ್ಟನ್ನು ನುಂಗುತ್ತದೆ, ಆ ಕಾರಣದಿಂದಲೇ ಒಮ್ಮೆ ಬಲವಾಗಿ ಬಿದ್ದ ಹೆಲ್ಮೆಟ್ಟು ನೋಟಕ್ಕೆ ಹೊಸದರಂತಿದ್ದರೂ ಮತ್ತೆ ಧರಿಸತಕ್ಕುದಲ್ಲ. ವಿಜಯನಗರದ ದರ್ಜಿಗಳಿಗೆ ಈ ತತ್ವ ಅಪರಿಚಿತವಾಗಿರಲಿಲ್ಲ. ರುಮಾಲಿನಲ್ಲಿಯೂ ಇದರ ಅಂಶವುಂಟು. ಆದರೆ ಗದ್ದಕ್ಕೆ ಕಟ್ಟದ ರುಮಾಲು, ತಲೆ ನೆಲವನ್ನು ಮುಟ್ಟುವ ಮೊದಲೇ ತಾನು ಅಲ್ಲಿರುತ್ತದೆ.

1953ರ ತರುವಾಯ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಹರಿದು ಸಿಂಧನೂರಿನ ಸುತ್ತ ಭತ್ತದ ಗದ್ದೆಗಳೂ ಕ್ಯಾಂಪುಗಳೆಂಬ ಹೊಸ ವಸತಿಗಳೂ ಎದ್ದುವು. ಕಾಲುವೆಯ ಏರಿಯ ಮೇಲಿನ ದಾರಿಗಳಲ್ಲಿ ಎತ್ತಿನ ಬಂಡಿಯ ಬಳಿಕ ಟ್ರ್ಯಾಕ್ಟರೂ ಮೋಟಾರ್ ಸೈಕಲ್ಲೂ ಓಡತೊಡಗಿದುವು. 1988ರ ಮೋಟಾರು ವಾಹನ ಕಾಯಿದೆಯು ಹೆಲ್ಮೆಟ್ಟನ್ನು ಕಡ್ಡಾಯಗೊಳಿಸಿದರೂ, ಏರಿಯ ಮೇಲೆ ಹೋಗುವವನ ತಲೆಗೆ ಟವೆಲ್ಲೇ ಸಾಕೆಂಬ ಭಾವನೆ ಅಳಿದಿಲ್ಲ. ವಿನೋದಕ್ಕಾಗಿಯೇ ಕಚ್ಚಾದಾರಿಯನ್ನು ಹುಡುಕಿ ಹೊರಡುವ ಸವಾರರಲ್ಲಿ ಇದಕ್ಕೆ ಪ್ರತಿಯಾದ ಇನ್ನೊಂದು ಅತಿರೇಕ: ಹೆದ್ದಾರಿಯ ವೇಗಕ್ಕೆಂದು ಮಾಡಿದ ದಪ್ಪ ಚರ್ಮದ ಜಾಕೆಟ್ಟನ್ನು ಏಪ್ರಿಲ್ಲಿನಲ್ಲಿ ತೊಟ್ಟು, ಮಧ್ಯಾಹ್ನದ ಹೊತ್ತಿಗೆ ಅದನ್ನು ಬಿಚ್ಚಿ ಹಿಂದಿನ ಸೀಟಿಗೆ ಕಟ್ಟುವುದು. ಹಿಂದಿನ ಸೀಟಿನಲ್ಲಿರುವ ಕವಚವು ಸೀಟನ್ನು ಮಾತ್ರ ಕಾಯುತ್ತದೆ. ಈ ನೆಲದಲ್ಲಿ ಬೀಳುವುದು ಹೆಚ್ಚಾಗಿ ಮಂದಗತಿಯಲ್ಲಿ, ಮೊಣಕಾಲು ಮೊಣಕೈಗಳ ಮೇಲೆ. ಕಾಲು ಗಾಡಿಯಡಿಗೆ ಸಿಕ್ಕುವುದೂ ಉಂಟು. ಆದಕಾರಣ ಗಾಳಿಯಾಡುವ ಜಾಳಿಗೆ ಬಟ್ಟೆಯ ಅಂಗಿಯೊಳಗೆ ಬೆನ್ನು ಮೊಣಕೈಗಳ ಗಾರ್ಡು, ಪ್ಯಾಂಟಿನೊಳಗೆ ಮೊಣಕಾಲಿನ ಗಾರ್ಡು, ಜಾಲಿಯ ಕೊಂಬೆ ಬಡಿದರೆ ಬೆರಳನ್ನು ಉಳಿಸುವ ಕೈಗವಸು, ಧೂಳಿಗೆ ಕನ್ನಡಕ ಸೇರುವಂಥ ಮುಂಚಾಚಿನ ಹೆಲ್ಮೆಟ್ಟು ಇವೇ ಇಲ್ಲಿಗೆ ಉಚಿತ. ಹಣ ಸಾಲದಿದ್ದರೆ ಜಾಕೆಟ್ಟು ಕಾಯಲಿ. ಮೊದಲು ಹೆಲ್ಮೆಟ್ಟು, ಅದರ ಬೆನ್ನಿಗೇ ಹರಡನ್ನು ಮುಚ್ಚುವ ಗಟ್ಟಿ ಬೂಟು. ಅದನ್ನು ಕೊಳ್ಳುವಾಗ ಅಟ್ಟೆಯ ಗೀರುಗಳು ಧಾರಾಳವಾಗಿ ಅಗಲವಾಗಿವೆಯೇ ಎಂದು ತಿರುಗಿಸಿ ನೋಡತಕ್ಕದ್ದು, ಕಿರಿದಾದ ಗೀರುಗಳಲ್ಲಿ ಕಚ್ಚಿಕೊಂಡ ಎರೆಮಣ್ಣು ಒಣಗುವವರೆಗೂ ಬಿಡುವುದಿಲ್ಲ.