ನೀರು, ಮೂಳೆ ಮತ್ತು ಕುತ್ತಿಗೆಯ ನಾಲ್ಕು ಕಾಳು

ರೋಣ, ಗಜೇಂದ್ರಗಡ ಸೀಮೆಯ ಕೊಳವೆಬಾವಿಗಳ ನೀರು ನೋಡಲು ತಿಳಿಯಾಗಿಯೇ ಇರುತ್ತದೆ. ಆದರೆ ಹಲವು ಕಡೆ ಅದರಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಅದಕ್ಕಿಂತ ಹೆಚ್ಚು ಫ್ಲೋರೈಡ್ ಇರುವ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಮೂಡುತ್ತದೆ. ವರ್ಷಗಟ್ಟಲೆ ಕುಡಿದವರ ಕೀಲು ಬಿಗಿಯುತ್ತದೆ, ಬೆನ್ನು ಬಾಗುತ್ತದೆ. ಜನ ನೀರನ್ನು ದೂರುವುದು ಸರಿಯೇ. ಆದರೆ ನೀರಿಗೂ ಮೂಳೆಗೂ ನಡುವೆ ಇನ್ನೊಂದು ಪಾತ್ರವಿದೆ. ಅದು ಕುತ್ತಿಗೆಯ ಪ್ಯಾರಾಥೈರಾಯ್ಡ್ ಗ್ರಂಥಿಗಳಲ್ಲಿ ಹುಟ್ಟುವ ಹಾರ್ಮೋನು.

ಈ ಗ್ರಂಥಿ ಮೊದಲು ಕಣ್ಣಿಗೆ ಬಿದ್ದದ್ದು ಮನುಷ್ಯನಲ್ಲಿ ಅಲ್ಲ, ಭಾರತದ ಒಂದು ಘೇಂಡಾಮೃಗದಲ್ಲಿ! ಲಂಡನ್ ಮೃಗಾಲಯದಲ್ಲಿದ್ದ ಆ ಪ್ರಾಣಿ 1849ರಲ್ಲಿ ಸತ್ತಿತು. ಅದನ್ನು ಸೀಳಿ ನೋಡಿದ ರಿಚರ್ಡ್ ಓವನ್, ಥೈರಾಯ್ಡಿಗೆ ಅಂಟಿದ ಹಳದಿ ಗಂಟೊಂದನ್ನು ಬರೆದಿಟ್ಟರು. ಮನುಷ್ಯನಲ್ಲಿ ಅದನ್ನು ವಿವರಿಸಿದವರು ಸ್ವೀಡನ್ನಿನ ಉಪ್ಸಾಲದ ವೈದ್ಯಕೀಯ ವಿದ್ಯಾರ್ಥಿ ಐವಾರ್ ಸ್ಯಾಂಡ್‌ಸ್ಟ್ರೋಮ್, 1880ರಲ್ಲಿ. ಸಾಮಾನ್ಯವಾಗಿ ನಾಲ್ಕು ಗ್ರಂಥಿಗಳು, ಒಂದೊಂದೂ ಕಾಳಿನಷ್ಟು. ಗಳಗಂಡದ ಶಸ್ತ್ರಚಿಕಿತ್ಸೆಯಲ್ಲಿ ಇವೂ ಹೋದಾಗ ರೋಗಿಗಳು ಸ್ನಾಯು ಸೆಟೆದು ಒದ್ದಾಡುತ್ತಿದ್ದರು. ರಕ್ತದ ಕ್ಯಾಲ್ಸಿಯಂ ಇಳಿದದ್ದೇ ಕಾರಣವೆಂದು 1909ರ ಹೊತ್ತಿಗೆ ಗೊತ್ತಾಯಿತು.

ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆಯಾದರೆ ಈ ಹಾರ್ಮೋನು ಮೂಳೆಯ ಖಜಾನೆ ತೆರೆದು ಅಲ್ಲಿಂದ ಸುಣ್ಣ ತರುತ್ತದೆ, ಮೂತ್ರದಲ್ಲಿ ಪೋಲಾಗುವುದನ್ನೂ ತಡೆಯುತ್ತದೆ. 1925ರಲ್ಲಿ ಕೆನಡಾದ ಜೇಮ್ಸ್ ಕಾಲಿಪ್ ಗ್ರಂಥಿಯ ಸಾರ ತೆಗೆದರು. ಇನ್ಸುಲಿನ್ ಶುದ್ಧೀಕರಿಸಿದವರಲ್ಲಿ ಇವರೂ ಒಬ್ಬರು. ಹಾರ್ಮೋನು ಶುದ್ಧರೂಪದಲ್ಲಿ ಸಿಗಲು 1959ರವರೆಗೆ ಕಾಯಬೇಕಾಯಿತು. ಅದೂ ದನದ ಗ್ರಂಥಿಗಳಿಂದ. ಮನುಷ್ಯನದು ಬೇಕೆಂದರೆ ಸಿಗುವುದು ಎಲ್ಲಿಂದ?

ಈ ಕೊರತೆಗೆ ಜೀನು ವಿಜ್ಞಾನ ದಾರಿ ತೋರಿತು. ಅಮೆರಿಕದ ಬಾಸ್ಟನ್ ಪರಿಸರದ ಹೆಂಡಿ, ಕ್ರೋನೆನ್‌ಬರ್ಗ್, ಪಾಟ್ಸ್ ಮತ್ತು ರಿಚ್ ಅವರ ತಂಡ ರೋಗಿಗಳಿಂದ ತೆಗೆದ ಗ್ರಂಥಿಗಡ್ಡೆಗಳನ್ನು ಆಯ್ದುಕೊಂಡಿತು. ಅವುಗಳ ಜೀವಕೋಶದಲ್ಲಿ ಹಾರ್ಮೋನು ತಯಾರಿಯ ಆದೇಶ ಆರ್‌ಎನ್‌ಎ ರೂಪದಲ್ಲಿ ತುಂಬಿರುತ್ತದೆ. ಅದನ್ನು ತಿರುಗಿಸಿ ಡಿಎನ್‌ಎ ಮಾಡಿ, ಬ್ಯಾಕ್ಟೀರಿಯಾದೊಳಗೆ ಸೇರಿಸಿದರು. ಬ್ಯಾಕ್ಟೀರಿಯಾ ಬೆಳೆದಂತೆ ಆ ತುಣುಕಿನ ಪ್ರತಿಗಳೂ ಬೆಳೆದವು. 1981ರಲ್ಲಿ ಅದರ ಅಕ್ಷರಸಾಲನ್ನು ಓದಿ ಪ್ರಕಟಿಸಿದರು. ಮೊದಲು ತಯಾರಾಗುವುದು 115 ಅಮೈನೋ ಆಮ್ಲಗಳ ಸರಪಳಿ. ಅದರಲ್ಲಿ 25, ಆಮೇಲೆ 6 ಕತ್ತರಿಸಿ ಹೋಗಿ ಉಳಿಯುವ 84 ಅಮೈನೋ ಆಮ್ಲಗಳೇ ಹಾರ್ಮೋನು. ಇಡೀ ಜೀನಿನ ಓದು 1983ರಲ್ಲಿ ಬಂತು. ಅದಿರುವುದು 11ನೇ ವರ್ಣತಂತುವಿನಲ್ಲಿ.

ಹಾರ್ಮೋನಿನ ಮೊದಲ 34 ಅಮೈನೋ ಆಮ್ಲಗಳ ತುಂಡನ್ನು ಬ್ಯಾಕ್ಟೀರಿಯಾದಲ್ಲಿ ತಯಾರಿಸಿ, ಮೂಳೆ ಸವೆತಕ್ಕೆ ಚುಚ್ಚುಮದ್ದಾಗಿ ಕೊಡಲು ಅಮೆರಿಕ 2002ರಲ್ಲಿ ಒಪ್ಪಿಗೆ ಕೊಟ್ಟಿತು. ಮೂಳೆಯಿಂದ ಸುಣ್ಣ ತೆಗೆಯುವ ಹಾರ್ಮೋನೇ, ದಿನಕ್ಕೊಮ್ಮೆ ಅಷ್ಟಿಷ್ಟು ಕೊಟ್ಟರೆ ಮೂಳೆ ಕಟ್ಟುತ್ತದೆ ಎಂಬುದು ವಿಚಿತ್ರವಾದರೂ ನಿಜ.

ಫ್ಲೋರೋಸಿಸ್‌ನಲ್ಲಿ ನಡೆಯುವುದು ಬೇರೆ. ಫ್ಲೋರೈಡ್ ಮೂಳೆಯ ಸುಣ್ಣದೊಂದಿಗೆ ಸೇರಿ ಸುಲಭವಾಗಿ ಕರಗದ ಹರಳಾಗುತ್ತದೆ. ರಕ್ತಕ್ಕೆ ಕ್ಯಾಲ್ಸಿಯಂ ಸಾಲದಾದಾಗ ಗ್ರಂಥಿಗಳು ಇನ್ನಷ್ಟು ಹಾರ್ಮೋನು ಸುರಿಸುತ್ತವೆ. ಕೆಲವು ಫ್ಲೋರೋಸಿಸ್ ರೋಗಿಗಳಲ್ಲಿ ಹೀಗಾಗಿರುವುದನ್ನು ಮೀರತ್‌ನ ತೇವಟಿಯಾ ವೈದ್ಯ ದಂಪತಿ 1973ರಲ್ಲೇ ವರದಿ ಮಾಡಿದ್ದರು. ಊಟದಲ್ಲಿ ಹಾಲು, ಸೊಪ್ಪು ಕಡಿಮೆಯಿರುವ ಬಡವರಿಗೆ ಪೆಟ್ಟು ಜಾಸ್ತಿ.

ಆ ದುಬಾರಿ ಚುಚ್ಚುಮದ್ದು ಇದಕ್ಕೆ ಮದ್ದಲ್ಲ. ಒಮ್ಮೆ ಬಾಗಿದ ಬೆನ್ನನ್ನು ನೆಟ್ಟಗೆ ಮಾಡುವ ಔಷಧವೂ ಇಲ್ಲ. ಆದ್ದರಿಂದಲೇ ನರಗುಂದದ ಎರೆಭೂಮಿಯಿಂದ ಗಜೇಂದ್ರಗಡದ ಗುಡ್ಡದವರೆಗೆ ಮಲಪ್ರಭೆಯ ನೀರು ತರುವ ಕೊಳವೆಗಳಿಗೆ ಇಷ್ಟು ಬೆಲೆ. ನಲ್ಲಿ ನಿಂತ ದಿನ ಕೊಡಗಳು ಮತ್ತೆ ಕೊಳವೆಬಾವಿಯ ಮುಂದೆ ಸಾಲುಗಟ್ಟುತ್ತವೆ.