ಕುದುರೆಯ ಕುಂಟು: ನೋವಿನ ನೆಲೆಯನ್ನು ಅರಸಿದ ಚರಿತ್ರೆ

ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಅಶ್ವಾಧ್ಯಕ್ಷನ ಕರ್ತವ್ಯಗಳನ್ನು ವಿಧಿಸುವ ಪ್ರಕರಣವೊಂದಿದೆ. ಲಾಯಕ್ಕೆ ಬಂದ ಪ್ರತಿಯೊಂದು ಕುದುರೆಯ ಕುಲ, ವಯಸ್ಸು, ವರ್ಣ, ಚಿಹ್ನೆಗಳನ್ನು ಬರೆಯಿಸಿಡಬೇಕೆಂದೂ, ಅಂಗವಿಕಲವೂ ವ್ಯಾಧಿಗ್ರಸ್ತವೂ ಆದವುಗಳನ್ನು ಮೇಲಿನವರಿಗೆ ಅರಿಕೆ ಮಾಡಬೇಕೆಂದೂ, ಚಿಕಿತ್ಸೆಯ ದೋಷದಿಂದ ರೋಗವು ಉಲ್ಬಣಿಸಿದರೆ ವೆಚ್ಚದ ಎರಡರಷ್ಟನ್ನೂ, ಕುದುರೆ ಸತ್ತರೆ ಅದರ ಬೆಲೆಯನ್ನೂ ದಂಡವಾಗಿ ತೆರಬೇಕೆಂದೂ ಅಲ್ಲಿ ಹೇಳಿದೆ. ವೈದ್ಯನು ತಪ್ಪಬಹುದೆಂಬುದನ್ನು ಶಾಸ್ತ್ರಕಾರನು ಇಷ್ಟು ಸ್ಪಷ್ಟವಾಗಿ ಒಪ್ಪಿಕೊಂಡಿರುವುದು ಗಮನಾರ್ಹವಾದುದು. ಏಕೆಂದರೆ ಕುಂಟುವ ಕುದುರೆಯ ವಿಷಯದಲ್ಲಿ ಸುಮಾರು ಎರಡು ಸಾವಿರ ವರ್ಷ ಔಷಧಕ್ಕೆ ಎಂದೂ ಅಭಾವವಿರಲಿಲ್ಲ. ನೋವು ಎಲ್ಲಿದೆಯೆಂಬುದನ್ನು ನಿಶ್ಚಯಿಸುವ ವಿದ್ಯೆಗೆ ಮಾತ್ರ ಅಭಾವವಿತ್ತು.

ಕಣ್ಣನ್ನು ಮೋಸಗೊಳಿಸುವ ಗುಣ ಕುಂಟಿನ ಸ್ವಭಾವದಲ್ಲಿಯೇ ಇದೆ. ಕುಕ್ಕುಲೋಟದಲ್ಲಿ ಕುದುರೆಯು ಒಂದು ಮುಂಗಾಲನ್ನೂ ಅದಕ್ಕೆ ಓರೆಯಾದ ಹಿಂಗಾಲನ್ನೂ ಒಟ್ಟಿಗೆ ಊರುತ್ತದೆಯಾದ್ದರಿಂದ ಭಾರವು ಸಮನಾಗಿ ಹಂಚಿಹೋಗಬೇಕು. ಮುಂಗಾಲಿನಲ್ಲಿ ನೋವಿದ್ದರೆ ಅದು ನೆಲಕ್ಕೆ ತಾಗುವ ಕ್ಷಣದಲ್ಲಿ ಪ್ರಾಣಿಯು ತಲೆಯನ್ನು ಮೇಲಕ್ಕೆ ಎತ್ತಿ ಭಾರವನ್ನು ಹಿಂದಕ್ಕೆ ಸರಿಸಿಕೊಂಡು, ಸ್ವಸ್ಥವಾದ ಕಾಲು ಊರಿದಾಗ ತಲೆಯನ್ನು ತಗ್ಗಿಸುತ್ತದೆ. ಅಭ್ಯಾಸವಿಲ್ಲದವನು ತಲೆ ತಗ್ಗಿದ ಕಡೆಯ ಕಾಲನ್ನೇ ರೋಗಗ್ರಸ್ತವೆಂದು ಭಾವಿಸಿ, ನಿರಪರಾಧಿಯಾದ ಕಾಲಿಗೆ ಪಟ್ಟಿ ಕಟ್ಟುವುದು ಇಂದಿಗೂ ಅಪರೂಪವಲ್ಲ. ಹಿಂಗಾಲಿನ ಕುಂಟಾದರೋ ಸೊಂಟದ ಏರಿಳಿತದಲ್ಲಿ ಮಾತ್ರ ತೋರಿಕೊಳ್ಳುವುದರಿಂದ ಇನ್ನೂ ಗೂಢವಾದುದು.

ಪಾದದ ಮಹತ್ವವನ್ನು ಪ್ರಾಚೀನರು ಅರಿಯದಿದ್ದವರಲ್ಲ. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಗ್ರೀಕ್ ದಳಪತಿ ಕ್ಸೆನೊಫೋನನು ಅಶ್ವಾರೋಹಣವನ್ನು ಕುರಿತ ತನ್ನ ಕೃತಿಯಲ್ಲಿ, ತಳಪಾಯ ಗಟ್ಟಿಯಿಲ್ಲದ ಮನೆಯನ್ನು ಉದಾಹರಿಸಿ, ಕುದುರೆಯನ್ನು ಕೊಳ್ಳುವವನು ಮೊದಲು ಗೊರಸನ್ನು ಪರೀಕ್ಷಿಸಬೇಕೆನ್ನುತ್ತಾನೆ. ಲಾಯದ ಹೊರಗೆ ದುಂಡುಗಲ್ಲುಗಳನ್ನು ಹರಡಿ ಕುದುರೆಯನ್ನು ಅವುಗಳ ಮೇಲೆ ನಿಲ್ಲಿಸಿದರೆ ಗೊರಸು ಗಟ್ಟಿಯಾಗುವುದೆಂದೂ ಸೂಚಿಸುತ್ತಾನೆ. ಅರಿಸ್ಟಾಟಲನ ಪ್ರಾಣಿಚರಿತ್ರೆಯಲ್ಲಿ ಲಾಯದ ಕುದುರೆಗಳಿಗೆ ಬರುವ, ಜವೆಗೋಧಿಯ ಹೆಸರನ್ನೇ ಹೊತ್ತ ವ್ಯಾಧಿಯೊಂದರ ಉಲ್ಲೇಖವಿದೆ. ಧಾನ್ಯವನ್ನು ಅತಿಯಾಗಿ ತಿಂದ ಕುದುರೆಯ ಗೊರಸಿನ ಒಳಪದರಗಳು ಉರಿಯೂತಗೊಂಡು, ಅದು ನಡೆಯಲಾರದೆ ಹಿಂದಕ್ಕೆ ವಾಲಿ ನಿಲ್ಲುವ ಸ್ಥಿತಿಗೆ ಈ ಹೆಸರು ಗ್ರೀಕ್ ಅಶ್ವವೈದ್ಯರಲ್ಲಿ ರೂಢಿಯಾಯಿತು. ಹೊಟ್ಟೆಯ ದೋಷವು ಪಾದದಲ್ಲಿ ಪ್ರಕಟವಾಗುವುದೆಂಬ ಈ ಗ್ರಹಿಕೆ ಆ ಕಾಲಕ್ಕೆ ಅಸಾಮಾನ್ಯವಾದುದೆಂದು ನನ್ನ ಎಣಿಕೆ.

ನಮ್ಮ ನಾಡಿನತ್ತ ತಿರುಗಿದರೆ, ಶಾಲಿಹೋತ್ರನ ಹೆಸರಿನಲ್ಲಿ ಪ್ರಚಲಿತವಾದ ಅಶ್ವಚಿಕಿತ್ಸೆಯ ಸಂಪ್ರದಾಯವು ಜಯದತ್ತ, ನಕುಲರ ಹೆಸರಿನ ಸಂಸ್ಕೃತ ಗ್ರಂಥಗಳ ಮೂಲಕ ಹರಿದುಬಂದು, ಸುಮಾರು 1400ರಲ್ಲಿ ಅಭಿನವಚಂದ್ರನ ಕೈಯಲ್ಲಿ ಕನ್ನಡದ ಅಶ್ವವೈದ್ಯವಾಗಿ ರೂಪುಗೊಂಡಿತು. ಅದೇ ಸಂಪ್ರದಾಯವು ಹದಿನೈದನೆಯ ಶತಮಾನದಲ್ಲಿ ಬಹಮನೀ ಆಶ್ರಯದಲ್ಲಿ ಪಾರಸಿಗೂ ಇಳಿಯಿತು. ಕೃಷ್ಣೆಯ ಎರಡು ದಡಗಳಲ್ಲಿ ಪರಸ್ಪರ ಹೋರಾಡುತ್ತಿದ್ದ ರಾಜ್ಯಗಳು ಒಂದೇ ಶಾಸ್ತ್ರದಿಂದ ತಮ್ಮ ಕುದುರೆಗಳನ್ನು ಉಳಿಸಿಕೊಳ್ಳಲು ಯತ್ನಿಸುತ್ತಿದ್ದುವೆಂಬುದು ಸ್ವಾರಸ್ಯಕರವಾದ ಸಂಗತಿ. ಆ ಯತ್ನಕ್ಕೆ ಕಾರಣವೂ ಇದ್ದಿತು. ಒಳ್ಳೆಯ ಕುದುರೆ ಹೊರ್ಮುಜ್, ಏಡನ್‌ಗಳಿಂದ ಹಡಗಿನಲ್ಲಿಯೇ ಬರಬೇಕಿತ್ತು. ವಿಜಯನಗರದ ಸಾಳುವ ನರಸಿಂಹನು ಸಾವಿರ ಪರ್ದಾವು ನಾಣ್ಯಗಳಿಗೆ ಮೂರರಂತೆ ಕುದುರೆಗಳನ್ನು ಕೊಂಡು, ಸಮುದ್ರದಲ್ಲಿ ಸತ್ತವುಗಳ ಬಾಲವನ್ನು ತಂದೊಪ್ಪಿಸಿದರೂ ಹಣ ತೆರುತ್ತಿದ್ದನೆಂದು ಪೋರ್ಚುಗೀಸ್ ವರ್ತಕ ನೂನಿಜ್ ಬರೆದಿದ್ದಾನೆ. ನೂನಿಜನ ಲೆಕ್ಕದಲ್ಲಿ ಅವನ ಕಾಲದ ಅರಸನ ಸಂಬಳ ಪಡೆಯುತ್ತಿದ್ದ ಕುದುರೆಯಾಳುಗಳೇ 1600 ಮಂದಿ, ಕುದುರೆ ಪಳಗಿಸುವವರು 300 ಮಂದಿ. ಇದಕ್ಕೆ ಮುಂಚೆ ತಮಿಳು ಕರಾವಳಿಯನ್ನು ಕಂಡ ಮಾರ್ಕೊ ಪೋಲೊ, ಅಲ್ಲಿ ಲಾಳಗಾರರಿಲ್ಲವೆಂದೂ, ಕುದುರೆಗಳು ಸಾಯುತ್ತಲೇ ಇರಲೆಂದು ವರ್ತಕರು ಲಾಳಗಾರರನ್ನು ಅಲ್ಲಿಗೆ ಹೋಗಗೊಡುತ್ತಿರಲಿಲ್ಲವೆಂದೂ ಹೇಳುತ್ತಾನೆ. ಉತ್ಪ್ರೇಕ್ಷೆಯನ್ನು ಕಳೆದರೂ, ಪಾದವನ್ನು ನೋಡಿಕೊಳ್ಳುವವನಿಲ್ಲದೆಡೆ ಕುದುರೆಯ ವ್ಯಾಪಾರ ಬತ್ತದೆಂಬ ವರ್ತಕಬುದ್ಧಿ ಇದರಲ್ಲಿ ನಿಚ್ಚಳವಾಗಿದೆ.

ಯೂರೋಪಿನಲ್ಲಿ ತಪ್ಪು ಬೇರೊಂದು ರೂಪವನ್ನು ತಾಳಿತು. ಹದಿನೇಳು, ಹದಿನೆಂಟನೆಯ ಶತಮಾನಗಳ ಇಂಗ್ಲೆಂಡಿನ ಲಾಳಗಾರರು ಮುಂಗಾಲಿನ ಕಾರಣ ತಿಳಿಯದ ಕುಂಟನ್ನೆಲ್ಲ ಭುಜದ ತಲೆಗೆ ಕಟ್ಟಿ, ಅಲ್ಲಿಯ ಚರ್ಮವನ್ನು ಸೀಳಿ ಗಾಳಿಯನ್ನು ಊದುವಷ್ಟು ಕ್ರೂರವಾದ ಉಪಚಾರಗಳನ್ನು ನಡೆಸಿದರು. ಅವರನ್ನು ಮೂರ್ಖರೆಂದು ತಳ್ಳಿಬಿಡುವುದು ನ್ಯಾಯವಲ್ಲ. ಪಾದದಲ್ಲಿ ದೀರ್ಘಕಾಲ ನೋವಿರುವ ಕುದುರೆಯು ಆ ಕಾಲನ್ನು ಬಳಸದಿರುವುದರಿಂದ ಭುಜದ ಮಾಂಸಖಂಡವು ಕೃಶವಾಗುತ್ತದೆ. ಗೊರಸಾದರೋ ಹೊರಗೆ ಏನನ್ನೂ ತೋರಿಸದು. ಪರಿಣಾಮವು ಕಣ್ಣಿಗೆ ಬಿದ್ದು ಕಾರಣವು ಮರೆಯಾಗಿದ್ದ ಸ್ಥಿತಿಯಲ್ಲಿ ಅವರು ಕಂಡುದನ್ನು ನಂಬಿದರು. 1598ರಲ್ಲಿಯೇ ಬೊಲೊನ್ಯದ ಕಾರ್ಲೊ ರುಯೀನಿಯ ಅಶ್ವಶರೀರಶಾಸ್ತ್ರವು ಪ್ರಕಟವಾಗಿದ್ದರೂ ಅದು ಕಮ್ಮಾರಸಾಲೆಯನ್ನು ಮುಟ್ಟಲಿಲ್ಲ. 1762ರಲ್ಲಿ ಲಿಯೋನಿನಲ್ಲಿಯೂ, 1791ರಲ್ಲಿ ಲಂಡನ್ನಿನಲ್ಲಿಯೂ ಪಶುವೈದ್ಯ ವಿದ್ಯಾಲಯಗಳು ತೆರೆದ ಮೇಲೆಯೇ ಸತ್ತ ಕುದುರೆಯ ಪಾದವನ್ನು ಕೊಯ್ದು ನೋಡುವುದು ಕ್ರಮಬದ್ಧವಾದ ಅಭ್ಯಾಸವಾಯಿತು. 1816ರಲ್ಲಿ ಪಶುವೈದ್ಯ ಜೇಮ್ಸ್ ಟರ್ನರನು, ಗೊರಸಿನೊಳಗೆ ಸ್ನಾಯುರಜ್ಜುವಿನ ಮುಂಬದಿಯಲ್ಲಿ ಅಡಗಿರುವ ದೋಣಿಯಾಕಾರದ ಪುಟ್ಟ ಎಲುಬಿನ ಸವೆತವೇ ಅನೇಕ ಕುಂಟುಗಳ ಮೂಲವೆಂದು ತೋರಿಸಿದಾಗ, ಭುಜದ ಪಾಲಿನ ಆರೋಪಗಳಲ್ಲಿ ಬಹುಪಾಲು ಕಳಚಿಬಿದ್ದುವು.

ಸುಟ್ಟ ಕಬ್ಬಿಣದಿಂದ ಬರೆ ಹಾಕುವ ಪದ್ಧತಿ ಮಾತ್ರ ಇದಾವುದಕ್ಕೂ ಅಳುಕಲಿಲ್ಲ. ಭಾರತೀಯರ ಅಗ್ನಿಕರ್ಮ, ಅರಬರ ಬರೆ, ಇಂಗ್ಲಿಷರ ಕಾಯ್ದ ಸಲಾಕೆ ಇವೆಲ್ಲವೂ ಊದಿದ ಸ್ನಾಯುರಜ್ಜುವಿನ ಮೇಲೆ ಸಾಲುಗೆರೆಗಳನ್ನು ಎಳೆದುವು, ಮತ್ತು ಬಹಳ ಕುದುರೆಗಳು ಗುಣವೂ ಆದುವು. ಇದರ ಗುಟ್ಟು ಬರೆಯಲ್ಲಿರಲಿಲ್ಲ, ಅದರಿಂದ ದೊರೆತ ವಿಶ್ರಾಂತಿಯಲ್ಲಿತ್ತು. ಬರೆ ಬಿದ್ದ ಕುದುರೆಯನ್ನು ಯಾವ ರಾವುತನೂ ತಿಂಗಳುಗಟ್ಟಲೆ ಏರುತ್ತಿರಲಿಲ್ಲ. ಒಡೆಯನ ಅವಸರಕ್ಕೆ ಬರೆಯ ಗಾಯವೊಂದೇ ತಡೆ. 1983ರಲ್ಲಿ ಇಂಗ್ಲೆಂಡಿನ ಸಂಶೋಧಕರು ಬರೆ ಹಾಕಿದ ರಜ್ಜುಗಳನ್ನೂ ಹಾಕದವುಗಳನ್ನೂ ಹೋಲಿಸಿ ನೋಡಿ, ಬರೆಯಿಂದ ವಿಶೇಷ ಪ್ರಯೋಜನವಿಲ್ಲವೆಂದು ನಿರ್ಣಯಿಸಿದರು.

1884ರಲ್ಲಿ ಕಾರ್ಲ್ ಕೊಲ್ಲರನು ಕೊಕೇನಿನ ಮರಗಟ್ಟಿಸುವ ಶಕ್ತಿಯನ್ನು ಕಣ್ಣಿನ ಶಸ್ತ್ರಚಿಕಿತ್ಸೆಯಲ್ಲಿ ತೋರಿಸಿದ ತರುವಾಯ ಅಶ್ವವೈದ್ಯರಿಗೆ, ಬದುಕಿರುವ ಕುದುರೆಯಲ್ಲಿಯೇ ಪ್ರಶ್ನೆಯನ್ನು ಕೇಳುವ ಉಪಾಯ ದೊರಕಿತು. ಪಾದದ ಹಿಂಭಾಗದ ನರಗಳ ಬಳಿ ಔಷಧವನ್ನು ಚುಚ್ಚಿ, ಸ್ವಲ್ಪ ಹೊತ್ತಿನ ಮೇಲೆ ಕುದುರೆಯನ್ನು ಮತ್ತೆ ಓಡಿಸುವುದು; ಕುಂಟು ಮಾಯವಾದರೆ ನೋವು ಚುಚ್ಚಿದೆಡೆಯ ಕೆಳಗಿದೆ, ಉಳಿದರೆ ಒಂದೊಂದೇ ಮೆಟ್ಟಿಲು ಮೇಲಕ್ಕೆ ಹೋಗುವುದು. ಆದರೂ ಸೂಜಿಯನ್ನು ಹಿಡಿಯುವ ಮುನ್ನ ವೈದ್ಯನು ಇಂದಿಗೂ ಲಾಳವನ್ನು ಬಿಚ್ಚಿ, ಗೊರಸಿನ ಬಿಸಿಯನ್ನು ಅಂಗೈಯಿಂದ ನೋಡಿ, ಇಕ್ಕಳದಿಂದ ಅದುಮಿ, ತಪ್ಪಾಗಿ ಹೊಡೆದ ಮೊಳೆಯನ್ನೋ ಒಳಗೆ ಕಟ್ಟಿದ ಕೀವನ್ನೋ ಮೊದಲು ಹುಡುಕುತ್ತಾನೆ. ಏಕೆಂದರೆ ಏಕಾಏಕಿ ಕಾಣಿಸಿಕೊಳ್ಳುವ ತೀವ್ರವಾದ ಕುಂಟುಗಳಲ್ಲಿ ಬಹಳಷ್ಟಕ್ಕೆ ಅಷ್ಟೇ ಕಾರಣ.