ಹೋಮ್ ಥಿಯೇಟರ್ ಪ್ರೊಜೆಕ್ಟರ್: ಚಿತ್ರ ಮತ್ತು ಬಣ್ಣಗಳ ಹೊಂದಾಣಿಕೆ

ಮನೆಯಲ್ಲಿ ಸಿನಿಮಾ ನೋಡಲು ಬಳಸುವ ಪ್ರೊಜೆಕ್ಟರಿನ ಕಪ್ಪು, ಬಿಳಿ, ನಡುವಣ ಬೂದು ಮತ್ತು ಬಣ್ಣಗಳನ್ನು ಚಿತ್ರೋದ್ಯಮ ಒಪ್ಪಿಕೊಂಡಿರುವ ಮಾನಕಗಳಿಗೆ ತಂದು ನಿಲ್ಲಿಸುವ ಕೆಲಸ. ಬಳಕೆಯಲ್ಲಿ ಇದನ್ನು ಕ್ಯಾಲಿಬ್ರೇಷನ್ ಎಂದೇ ಕರೆಯುತ್ತಾರೆ. ಚಿತ್ರಕ್ಕೆ ಮೆರುಗು ಕೊಡುವುದು ಇದರ ಉದ್ದೇಶವಲ್ಲ. ಛಾಯಾಗ್ರಾಹಕರೂ ಕಲರಿಸ್ಟರೂ ಕತ್ತಲ ಕೋಣೆಯಲ್ಲಿ ಕೂತು ಯಾವ ಚಿತ್ರಕ್ಕೆ ಸೈ ಎಂದರೋ ಅದೇ ಚಿತ್ರ ಮನೆಯ ಪರದೆಯ ಮೇಲೂ ಮೂಡಬೇಕು, ಅಷ್ಟೇ. ಪೆಟ್ಟಿಗೆಯಿಂದ ತೆಗೆದು ಹಾಗೇ ಹಚ್ಚಿದ ಪ್ರೊಜೆಕ್ಟರಿನಲ್ಲಿ ಇದು ತಾನಾಗಿ ಆಗುವುದು ಅಪರೂಪ. ಅಂಗಡಿಯ ಟ್ಯೂಬ್‌ಲೈಟುಗಳ ನಡುವೆಯೂ ಕಣ್ಣು ಸೆಳೆಯಲಿ ಎಂದು ತಯಾರಕರು ಅದನ್ನು ಹೆಚ್ಚಿನ ಬೆಳಕಿನ, ಹೆಚ್ಚಿನ ಬಣ್ಣದ ಸ್ಥಿತಿಯಲ್ಲಿ ಇಟ್ಟಿರುತ್ತಾರೆ.

ಕೋಣೆ ಮತ್ತು ಪರದೆ

ಟಿವಿ ತಾನೇ ಬೆಳಗುತ್ತದೆ. ಪ್ರೊಜೆಕ್ಟರ್ ಇನ್ನೊಂದು ವಸ್ತುವನ್ನು ಬೆಳಗಿಸುತ್ತದೆ. ಕಪ್ಪನ್ನು ಎಸೆಯುವ ದೀಪ ಯಾವುದೂ ಇಲ್ಲ. ಹೀಗಾಗಿ ಬೆಳಕೇ ಬೀಳದಿದ್ದಾಗ ಆ ಕೋಣೆಯಲ್ಲಿ ಪರದೆ ಎಷ್ಟು ಕಪ್ಪಗೆ ಕಾಣುತ್ತದೋ, ಚಿತ್ರದ ಕಪ್ಪು ಅದಕ್ಕಿಂತ ಒಂದೆಳೆಯೂ ಹೆಚ್ಚು ಕಪ್ಪಾಗಲಾರದು. ಟೆಂಟ್ ಸಿನಿಮಾದವರು ಹೊತ್ತು ಮುಳುಗಿದ ಮೇಲೆಯೇ ಆಟ ಶುರುಮಾಡುತ್ತಿದ್ದುದು ಈ ಕಾರಣಕ್ಕೇ. ಮನೆಯಲ್ಲೂ ಮೊದಲು ಹೊಂದಿಸಬೇಕಾದದ್ದು ಮೆನುವನ್ನಲ್ಲ, ಕೋಣೆಯನ್ನು. ಹೊರಗಿನ ಬೆಳಕನ್ನು ತಡೆದರೂ ಚಿತ್ರದ್ದೇ ಬೆಳಕು ಬಿಳಿ ಸೀಲಿಂಗಿಗೆ, ಎದುರು ಗೋಡೆಗೆ ಬಡಿದು ಪರದೆಗೆ ಹಿಂತಿರುಗುತ್ತದೆ. ಒಂದು ಮೂಲೆಯ ಬಿಳಿ ಮೋಡ ಇನ್ನೊಂದು ಮೂಲೆಯ ಕಪ್ಪನ್ನು ತೊಳೆದುಬಿಡುತ್ತದೆ. ಪಿಸ್ತಾ ಹಸಿರು ಗೋಡೆಯಾದರೆ ಹಿಂತಿರುಗುವ ಬೆಳಕಿಗೂ ಹಸಿರು ಹತ್ತಿರುತ್ತದೆ. ಹಳೆಯ ಮನೆಗಳ ಹೊಳಪುಳ್ಳ ಕೆಂಪು ಆಕ್ಸೈಡ್ ನೆಲ ಪರದೆಯ ಕೆಳ ಅಂಚಿಗೆ ಕೆಂಪನ್ನು ಹಚ್ಚುತ್ತದೆ. ಪರದೆಯ ಮುಂದೆ ಒಂದು ಗಾಢ ಬಣ್ಣದ ಜಮಖಾನ ಹಾಸಿ, ಪರದೆಯ ಅಕ್ಕಪಕ್ಕದ ಒಂದೆರಡು ಮೀಟರ್ ಗೋಡೆಗೆ ದಪ್ಪ ಕರ್ಟನ್ ಇಳಿಬಿಟ್ಟರೆ ಆಗುವ ಸುಧಾರಣೆಯನ್ನು ಯಾವ ಬಟನ್ನೂ ಕೊಡಲಾರದು.

ಬೆಳಕಿನ ಅಳತೆಗೂ ಒಂದು ಲೆಕ್ಕವಿದೆ. ಡಿಜಿಟಲ್ ಚಿತ್ರಮಂದಿರಗಳಲ್ಲಿ ಬಿಳಿಯ ಪ್ರಕಾಶ ಚದರ ಮೀಟರಿಗೆ 48 ಕ್ಯಾಂಡೆಲಾ (48 ನಿಟ್) ಇರಬೇಕೆಂಬುದು ಮಾನಕ. 16:9 ಆಕಾರದ 100 ಇಂಚಿನ ಪರದೆ ಸುಮಾರು 2.21 ಮೀಟರ್ ಅಗಲ, 1.25 ಮೀಟರ್ ಎತ್ತರ ಇರುತ್ತದೆ. ವಿಸ್ತೀರ್ಣ ಹತ್ತಿರ ಹತ್ತಿರ 2.76 ಚದರ ಮೀಟರ್. ಪರದೆಯ ಗೇನ್ (ಬಿದ್ದ ಬೆಳಕನ್ನು ನೋಡುಗರತ್ತ ಹಿಂತಿರುಗಿಸುವ ಪ್ರಮಾಣ) 1 ಇದ್ದು, ಪ್ರೊಜೆಕ್ಟರ್ ನಿಜವಾಗಿ 1000 ಲ್ಯುಮೆನ್ ಕೊಟ್ಟರೆ ಸುಮಾರು 115 ನಿಟ್ ಸಿಗುತ್ತದೆ. ಅಂದರೆ ಪೂರ್ತಿ ಕತ್ತಲಾದ ಕೋಣೆಯಲ್ಲಿ ಚಿತ್ರಮಂದಿರದ ಬೆಳಕಿಗೆ 500 ಲ್ಯುಮೆನ್ ಒಳಗೇ ಸಾಕು. ಡಬ್ಬಿಯ ಮೇಲೆ ದೊಡ್ಡದಾಗಿ ಅಚ್ಚಾದ ಲ್ಯುಮೆನ್ ಅಂಕಿಗೆ ಮರುಳಾಗಬೇಕಾದ ಅಗತ್ಯ ನಿಜಕ್ಕೂ ಇಲ್ಲ.

ಮೋಡ್ ಆಯ್ಕೆ

ಡೈನಾಮಿಕ್, ವಿವಿಡ್, ಬ್ರೈಟ್ ಎಂಬ ಹೆಸರಿನ ಮೋಡುಗಳಲ್ಲಿ ಚಿತ್ರ ಹಸಿರು ಹೊಡೆಯುವುದು ಬಹಳ ಜನ ಗಮನಿಸಿರುವ ಸಂಗತಿ. ಅದಕ್ಕೆ ಕಾರಣ ದೀಪದಲ್ಲೇ ಇದೆ. ಅನೇಕ ಪ್ರೊಜೆಕ್ಟರುಗಳ ಅಧಿಕ ಒತ್ತಡದ ಪಾದರಸದ ದೀಪ 546 ನ್ಯಾನೋಮೀಟರ್ ಅಲೆಯುದ್ದದಲ್ಲಿ, ಅಂದರೆ ಹಸಿರಿನಲ್ಲಿ, ಜೋರಾಗಿ ಉರಿಯುತ್ತದೆ. ಕೆಂಪಿನಲ್ಲಿ ಅದು ಬಡವ. ಬಿಳಿಯನ್ನು ಸರಿಯಾಗಿ ಮಾಡಬೇಕೆಂದರೆ ಹೆಚ್ಚುವರಿ ಹಸಿರನ್ನು ತಡೆಹಿಡಿಯಬೇಕು, ಆಗ ಒಟ್ಟು ಬೆಳಕು ಇಳಿಯುತ್ತದೆ. ಬೆಳಕೇ ಮುಖ್ಯವಾದ ಮೋಡುಗಳು ಆ ಹಸಿರನ್ನು ಹಾಗೇ ಹರಿಯಬಿಡುತ್ತವೆ. ಒಂದೇ ಚಿಪ್ಪಿನ ಡಿಎಲ್‌ಪಿ ಪ್ರೊಜೆಕ್ಟರುಗಳ ಬಣ್ಣದ ಚಕ್ರದಲ್ಲಿ ಬಿಳಿಯ ತುಂಡೊಂದು ಇದ್ದರೆ ಮತ್ತೊಂದು ತೊಡಕು: ಬಿಳಿ ಮಾತ್ರ ಜೋರಾಗಿ ಬೆಳಗಿ, ಅದರ ಪಕ್ಕದ ಕುಂಕುಮದ ಕೆಂಪು ಮಂಕಾಗಿ ಇಟ್ಟಿಗೆಯ ಬಣ್ಣಕ್ಕೆ ಇಳಿಯುತ್ತದೆ. ಸಿನಿಮಾ, ಮೂವಿ, ನ್ಯಾಚುರಲ್ ಅಥವಾ ರೆಫರೆನ್ಸ್ ಎಂಬ ಮೋಡಿನಿಂದ ಆರಂಭಿಸುವುದೇ ಸರಿ. ಮೊದಲ ನೋಟಕ್ಕೆ ಅದು ಮಬ್ಬಾಗಿ, ತುಸು ಹಳದಿಯಾಗಿ ಕಾಣುತ್ತದೆ. ಕಣ್ಣು ಹೊಂದಿಕೊಳ್ಳಲು ಒಂದು ರೀಲಿನಷ್ಟು ಹೊತ್ತು ಕೊಟ್ಟು ನೋಡಿದವರು ಮತ್ತೆ ಹಳೆಯ ಮೋಡಿಗೆ ಹೋಗುವುದು ಕಡಿಮೆ.

ಕಪ್ಪು ಮತ್ತು ಬಿಳಿ

ಈ ಇಡೀ ವಿಷಯದಲ್ಲಿ ಅತಿ ಹೆಚ್ಚು ದಾರಿ ತಪ್ಪಿಸಿರುವುದು ಎರಡು ಹೆಸರುಗಳು. ಬ್ರೈಟ್‌ನೆಸ್ ಎಂಬ ಗುಂಡಿ ಬೆಳಕನ್ನು ಹೆಚ್ಚಿಸುವುದಕ್ಕಲ್ಲ. ಅದು ಕಪ್ಪು ಎಲ್ಲಿಂದ ಶುರುವಾಗಬೇಕು ಎಂಬುದನ್ನು ಗೊತ್ತುಮಾಡುತ್ತದೆ. ಕಾಂಟ್ರಾಸ್ಟ್ ಎಂಬುದು ಬಿಳಿಯ ತುತ್ತತುದಿಯನ್ನು ನಿಗದಿ ಮಾಡುತ್ತದೆ. ಚಿತ್ರ ಮಂಕಾಗಿದೆಯೆಂದು ಬ್ರೈಟ್‌ನೆಸ್ ಏರಿಸಿದವರು ಕಪ್ಪನ್ನು ಬೂದಿಯಾಗಿಸಿರುತ್ತಾರೆ, ಬಿಳಿ ಮಾತ್ರ ಇದ್ದಲ್ಲೇ ಇರುತ್ತದೆ. ಚಿತ್ರ ಇನ್ನಷ್ಟು ಮಂಕಾಗುತ್ತದೆ.

ಇವೆರಡನ್ನೂ ಮುಟ್ಟುವ ಮೊದಲು ಎಚ್‌ಡಿಎಂಐ ಸಂಕೇತದ ವ್ಯಾಪ್ತಿ ಸರಿಯಿದೆಯೇ ನೋಡಬೇಕು. ಸಿನಿಮಾ ಮತ್ತು ಟಿವಿ ಚಿತ್ರಗಳು 8 ಬಿಟ್ ಲೆಕ್ಕದಲ್ಲಿ 16ನ್ನು ಕಪ್ಪು, 235ನ್ನು ಬಿಳಿ ಎಂದು ಇಟ್ಟುಕೊಂಡಿವೆ. ಕಂಪ್ಯೂಟರುಗಳು 0ಯಿಂದ 255ರವರೆಗೆ ಪೂರ್ತಿ ಬಳಸುತ್ತವೆ. ಪ್ಲೇಯರ್ ಮೊದಲನೆಯದನ್ನು ಕಳಿಸುತ್ತಿದ್ದು, ಪ್ರೊಜೆಕ್ಟರ್ ಎರಡನೆಯದನ್ನು ನಿರೀಕ್ಷಿಸಿದರೆ ಇಡೀ ಚಿತ್ರಕ್ಕೆ ಹಾಲಿನ ತೆರೆ ಎಳೆದಂತಾಗುತ್ತದೆ. ಅದಲುಬದಲಾದರೆ ನೆರಳುಗಳೆಲ್ಲ ಮಸಿಯಲ್ಲಿ ಮುಳುಗುತ್ತವೆ. ಮೆನುವಿನಲ್ಲಿ ಲಿಮಿಟೆಡ್–ಫುಲ್, ನಾರ್ಮಲ್–ಎಕ್ಸ್‌ಪಾಂಡೆಡ್ ಎಂದು ನಾನಾ ಹೆಸರಿನಲ್ಲಿ ಅಡಗಿರುವ ಈ ಒಂದು ಆಯ್ಕೆ ತಪ್ಪಿದ್ದರೆ ಮುಂದಿನ ಶ್ರಮವೆಲ್ಲ ವ್ಯರ್ಥ.

ಕಪ್ಪನ್ನು ಹೊಂದಿಸಲು ಪ್ಲೂಜ್ ಎಂಬ ಪರೀಕ್ಷಾ ಚಿತ್ರ ಬೇಕು. ಬಿಬಿಸಿಯ ಸ್ಟುಡಿಯೋಗಳಲ್ಲಿ ಹುಟ್ಟಿದ ಈ ವಿಧಾನ ಈಗ ಎವಿಎಸ್ ಎಚ್‌ಡಿ 709ರಂಥ ಉಚಿತ ಪರೀಕ್ಷಾ ಡಿಸ್ಕುಗಳಲ್ಲೂ ಸಿಗುತ್ತದೆ. ಕರಿಯ ಹಿನ್ನೆಲೆಯ ಮೇಲೆ ಅದಕ್ಕಿಂತ ಕೂದಲೆಳೆಯಷ್ಟೇ ತಿಳಿಯಾದ ಅಥವಾ ಗಾಢವಾದ ಪಟ್ಟಿಗಳು ಸಾಲಾಗಿ ಮಿನುಗುತ್ತಿರುತ್ತವೆ, ಒಂದೊಂದಕ್ಕೂ 17, 18, 19 ಎಂದು ಅಂಕಿ. ದೀಪಗಳನ್ನೆಲ್ಲ ಆರಿಸಿ, ಕಣ್ಣು ಕತ್ತಲಿಗೆ ಒಗ್ಗಿದ ಮೇಲೆ ಬ್ರೈಟ್‌ನೆಸನ್ನು ಪಟ್ಟಿಗಳೆಲ್ಲ ಮಾಯವಾಗುವ ತನಕ ಇಳಿಸಿ, ಮತ್ತೆ ಒಂದೊಂದೇ ಹೆಜ್ಜೆ ಏರಿಸುತ್ತ ಬರಬೇಕು. ಮೊದಲು 25ರ ಹತ್ತಿರದ ಪಟ್ಟಿಗಳು ಏಳುತ್ತವೆ, ಆಮೇಲೆ 20, 19. ಇರುವೆ ಹರಿದಂತೆ 17 ಅಥವಾ 18ರ ಪಟ್ಟಿ ಅಲುಗಿದ್ದು ಕಂಡ ಕ್ಷಣ ಕೈ ತೆಗೆಯಬೇಕು. 16 ಮತ್ತು ಅದಕ್ಕಿಂತ ಕೆಳಗಿನ ಪಟ್ಟಿಗಳು ಕಾಣಕೂಡದು. ಬಿಳಿಗೂ ಇದೇ ಕ್ರಮ: ಕಾಂಟ್ರಾಸ್ಟ್ ಏರಿಸಿದಂತೆ 230ರಿಂದ 234ರವರೆಗಿನ ಪಟ್ಟಿಗಳು ಬಿಳಿಯಲ್ಲಿ ಕರಗತೊಡಗುತ್ತವೆ, ಅವು ಮತ್ತೆ ಬೇರೆಬೇರೆಯಾಗಿ ಕಾಣುವಷ್ಟು ಹಿಂದಕ್ಕೆ ಬರಬೇಕು. ಏರಿಸುವಾಗ ಬಿಳಿಗೆ ಗುಲಾಬಿಯೋ ಹಸಿರೋ ಛಾಯೆ ಹತ್ತಿದರೆ ಮೂರು ಮೂಲಬಣ್ಣಗಳಲ್ಲಿ ಒಂದು ತನ್ನ ಮಿತಿ ಮುಟ್ಟಿದೆ ಎಂದರ್ಥ. ಒಂದನ್ನು ಮುಟ್ಟಿದರೆ ಇನ್ನೊಂದು ಅಲುಗುವುದರಿಂದ ಎರಡನ್ನೂ ಎರಡು ಮೂರು ಸುತ್ತು ನೋಡಬೇಕಾಗುತ್ತದೆ.

ನೆರಳಿನಲ್ಲಿರುವುದೆಲ್ಲ ಕಾಣಲೇಬೇಕೆಂಬ ಹಟ ಸಲ್ಲದು. ‘ಕೆ.ಜಿ.ಎಫ್: ಚಾಪ್ಟರ್ 1’ (2018) ಚಿತ್ರದ ಗಣಿಯ ದೃಶ್ಯಗಳು ಮಸಿ ಮತ್ತು ಧೂಳಿನ ಬಣ್ಣದಲ್ಲೇ ನಿಂತಿವೆ. ‘ಕಾಂತಾರ’ (2022) ಚಿತ್ರದ ಇರುಳಿನ ದೃಶ್ಯಗಳಲ್ಲಿ ಪಂಜಿನ ಬೆಳಕು ಮುಟ್ಟಿದಷ್ಟೇ ಕಾಣಬೇಕು. ಅಲ್ಲಿನ ಕತ್ತಲನ್ನು ಅಳಿಸಿದರೆ ಆ ಬೆಂಕಿಯ ಬೆಲೆಯೂ ಇಳಿಯುತ್ತದೆ.

ಬಿಳಿಯ ಬಣ್ಣ

ಬಿಳಿಗೂ ಬಣ್ಣವಿದೆ. ಟಿವಿ–ವಿಡಿಯೋ ಲೋಕದ ಒಪ್ಪಿತ ಬಿಳಿಗೆ ಡಿ65 ಎಂದು ಹೆಸರು. ಸುಮಾರು 6500 ಕೆಲ್ವಿನ್ ತಾಪದ ಹಗಲ ಬೆಳಕು ಅದು. 1931ರಲ್ಲಿ ಅಂತರರಾಷ್ಟ್ರೀಯ ಬೆಳಕಿನ ಆಯೋಗ ರೂಪಿಸಿದ ಬಣ್ಣದ ನಕ್ಷೆಯಲ್ಲಿ ಅದರ ಸ್ಥಾನ x 0.3127, y 0.3290. ಮೆನುವಿನಲ್ಲಿ ಕಲರ್ ಟೆಂಪರೇಚರ್ ಎಂದಿರುವ ಕಡೆ ವಾರ್ಮ್ ಅಥವಾ 6500 ಎಂದು ಆರಿಸಿದರೆ ಸಾಮಾನ್ಯವಾಗಿ ಇದರ ಹತ್ತಿರ ಬರುತ್ತದೆ. ಕೂಲ್ ಎಂಬುದು ನೀಲಿ ಹಾಕಿ ಒಗೆದ ಪಂಚೆಯ ಬಿಳಿ. ಕಣ್ಣಿಗೆ ಹೆಚ್ಚು ಬೆಳ್ಳಗೆ ಕಂಡರೂ ಮುಖಗಳ ರಕ್ತವನ್ನೆಲ್ಲ ಹೀರಿಬಿಡುತ್ತದೆ.

ಪೂರ್ಣ ಬಿಳಿ ಸರಿಯಿದ್ದರಷ್ಟೇ ಸಾಲದು. ಕಪ್ಪಿನಿಂದ ಬಿಳಿಯವರೆಗಿನ ಪ್ರತಿ ಬೂದು ಮೆಟ್ಟಿಲೂ ಅದೇ ಬಣ್ಣದಲ್ಲಿರಬೇಕು. ಇದಕ್ಕಾಗಿ ಕೆಂಪು, ಹಸಿರು, ನೀಲಿಗಳಿಗೆ ಎರಡೆರಡು ಹಿಡಿಕೆ ಇರುತ್ತವೆ: ಗೇನ್ ಎಂಬುದು ಮೇಲಿನ ತಿಳಿ ಬೂದುಗಳನ್ನು, ಆಫ್‌ಸೆಟ್ ಅಥವಾ ಬಯಾಸ್ ಎಂಬುದು ಕೆಳಗಿನ ಗಾಢ ಬೂದುಗಳನ್ನು ತಿದ್ದುತ್ತದೆ. ಸಾಧನವಿಲ್ಲದವರಿಗೆ ಇದರ ಅತ್ಯುತ್ತಮ ಪರೀಕ್ಷೆ ಒಂದು ಒಳ್ಳೆಯ ಕಪ್ಪು–ಬಿಳುಪು ಚಿತ್ರ. ಮೈಸೂರಿನವರಾದ ಛಾಯಾಗ್ರಾಹಕ ವಿ.ಕೆ. ಮೂರ್ತಿ ಅವರು ಚಿತ್ರೀಕರಿಸಿದ ಗುರುದತ್ತರ ‘ಕಾಗಜ್ ಕೆ ಫೂಲ್’ (1959) ಹಾಕಿ ನೋಡಬಹುದು. ಸ್ಟುಡಿಯೋದ ಕತ್ತಲನ್ನು ಸೀಳಿಕೊಂಡು ಮೇಲಿನಿಂದ ಇಳಿಯುವ ಬೆಳಕಿನ ಕೋಲಿನ ಪ್ರಸಿದ್ಧ ದೃಶ್ಯದಲ್ಲಿ ಕಪ್ಪಿನಿಂದ ಬಿಳಿಯವರೆಗಿನ ಮೆಟ್ಟಿಲುಗಳೆಲ್ಲ ಇವೆ. ಹೊಂದಿಸದ ಪ್ರೊಜೆಕ್ಟರಿನಲ್ಲಿ ಆ ಬೆಳಕಿನ ನಡು ನೀಲಿಗೂ, ಅಂಚಿನ ಮಬ್ಬು ಹಸಿರಿಗೂ, ಮೂಲೆಯ ನೆರಳು ಕೆಂಪಿಗೂ ತಿರುಗಿರುತ್ತದೆ. ಬಣ್ಣದ ಚಿತ್ರ ನೋಡುವಾಗ ಈ ದೋಷ ಬಣ್ಣಗಳ ಸಂದಣಿಯಲ್ಲಿ ಅವಿತುಕೊಂಡಿರುತ್ತದೆ.

ಕಪ್ಪಿಗೂ ಬಿಳಿಗೂ ನಡುವಿನ ಬೆಳಕು ಯಾವ ವೇಗದಲ್ಲಿ ಏರಬೇಕು ಎಂಬುದನ್ನು ನಿರ್ಧರಿಸುವುದು ಗ್ಯಾಮಾ. ಕತ್ತಲ ಕೋಣೆಗೆ 2.4, ತುಸು ಬೆಳಕಿರುವ ಕೋಣೆಗೆ 2.2 ರೂಢಿ. ಅಂಕಿ ಕಡಿಮೆಯಾದಷ್ಟೂ ನಡುವಣ ಬೂದುಗಳು ತಿಳಿಯಾಗಿ ಚಿತ್ರ ಚಪ್ಪಟೆಯಾಗುತ್ತದೆ.

ಬಣ್ಣಗಳು

ಹೈ ಡೆಫಿನಿಷನ್ ಚಿತ್ರಗಳ ಬಣ್ಣದ ಮಾನಕ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಬಿಟಿ.709. ಡಿಜಿಟಲ್ ಚಿತ್ರಮಂದಿರಗಳ ಡಿಸಿಐ–ಪಿ3 ಅದಕ್ಕಿಂತ ವಿಶಾಲ, 2012ರ ಬಿಟಿ.2020 ಇನ್ನೂ ವಿಶಾಲ. ವಿಶಾಲವಾದದ್ದೇ ಉತ್ತಮ ಎಂಬ ಎಣಿಕೆ ತಪ್ಪು. 709ಕ್ಕೆಂದು ಮಾಡಿದ ಚಿತ್ರವನ್ನು ಪಿ3 ವ್ಯಾಪ್ತಿಗೆ ಹಿಗ್ಗಿಸಿದರೆ ಅರಿಸಿನ ಹಚ್ಚಿದ ಕೆನ್ನೆ ಕಿತ್ತಳೆಯಾಗುತ್ತದೆ, ಭತ್ತದ ಗದ್ದೆ ಪ್ಲಾಸ್ಟಿಕ್ಕಿನಂತೆ ಹೊಳೆಯುತ್ತದೆ. ಎಚ್‌ಡಿಎಂಐ ಮೂಲಕ ಬರುವ ಡಿಜಿಟಲ್ ಸಂಕೇತಕ್ಕೆ ಕಲರ್ ಮತ್ತು ಟಿಂಟ್ ಗುಂಡಿಗಳನ್ನು ಬಹುಮಟ್ಟಿಗೆ ನಡುವಿನಲ್ಲೇ ಬಿಡಬಹುದು. ನೀಲಿ ಗಾಜಿನ ಹಾಳೆಯ ಮೂಲಕ ಬಣ್ಣದ ಪಟ್ಟಿಗಳನ್ನು ನೋಡಿ ಹೊಂದಿಸುವ ಹಳೆಯ ಉಪಾಯ ಪ್ರೊಜೆಕ್ಟರುಗಳಲ್ಲಿ ಅಷ್ಟಾಗಿ ನಂಬಿಕೆಗೆ ಅರ್ಹವಲ್ಲ, ಏಕೆಂದರೆ ಆ ಹಾಳೆ ಎಲ್ಲ ದೀಪಗಳ ನೀಲಿಗೂ ಒಗ್ಗುವುದಿಲ್ಲ.

ಹಳೆಯ ಚಿತ್ರಗಳ ವಿಷಯದಲ್ಲಿ ಒಂದು ಎಚ್ಚರ ಬೇಕು. ಕನ್ನಡದ ಮೊದಲ ಪೂರ್ಣ ವರ್ಣಚಿತ್ರ ‘ಅಮರಶಿಲ್ಪಿ ಜಕಣಾಚಾರಿ’ 1964ರಲ್ಲಿ ಬಂತು. ಆ ಕಾಲದ ಕಲರ್ ಫಿಲಂ ಪ್ರಿಂಟುಗಳಲ್ಲಿ ವರ್ಣದ್ರವ್ಯಗಳು ಒಂದೇ ಸಮ ಮಾಸುವುದಿಲ್ಲ. ಅನೇಕ ಪ್ರಿಂಟುಗಳು ಕೆನ್ನೀಲಿಗೆಂಪಿಗೆ ತಿರುಗಿವೆ. ಅಂಥ ಪ್ರಿಂಟಿನಿಂದ ತೆಗೆದ ಪ್ರತಿ ನೋಡುತ್ತ ಪ್ರೊಜೆಕ್ಟರಿನ ಕೆಂಪನ್ನು ಇಳಿಸಿದರೆ ಮರುದಿನ ಹಾಕುವ ಹೊಸ ಚಿತ್ರ ಹಸಿರುನೀಲಿಗೆ ತಿರುಗುತ್ತದೆ. ದೋಷ ಪ್ರತಿಯದೋ ಯಂತ್ರದ್ದೋ ಎಂದು ಪರೀಕ್ಷಾ ಚಿತ್ರದಿಂದ ಮೊದಲು ಖಚಿತಪಡಿಸಿಕೊಳ್ಳಬೇಕು.

ಬೆಳಕಿನ ವ್ಯಾಪ್ತಿ ಹೆಚ್ಚಿರುವ ಎಚ್‌ಡಿಆರ್ ಚಿತ್ರಗಳಲ್ಲಿ ಸಮಸ್ಯೆಯ ಸ್ವರೂಪವೇ ಬೇರೆ. 2014ರಲ್ಲಿ ಮಾನಕವಾದ ಪಿಕ್ಯೂ ಪದ್ಧತಿ 10,000 ನಿಟ್‌ವರೆಗಿನ ಬೆಳಕನ್ನು ಬರೆದಿಡಬಲ್ಲದು. ಚಿತ್ರಗಳನ್ನು ಸಾಮಾನ್ಯವಾಗಿ 1000 ಅಥವಾ 4000 ನಿಟ್‌ಗೆ ಸಿದ್ಧಪಡಿಸುತ್ತಾರೆ. ಮನೆಯ ಪರದೆಯ ಮೇಲೆ ಇರುವುದು ಮೇಲೆ ಹೇಳಿದ ನೂರರ ಆಸುಪಾಸು. ಆ ಬೆಳಕನ್ನೆಲ್ಲ ಇಷ್ಟರಲ್ಲಿ ಮಡಚಿಡುವ ಕೆಲಸಕ್ಕೆ ಟೋನ್ ಮ್ಯಾಪಿಂಗ್ ಎನ್ನುತ್ತಾರೆ. ಅದು ಚೆನ್ನಾಗಿಲ್ಲದ ಪ್ರೊಜೆಕ್ಟರಿನಲ್ಲಿ ಎಚ್‌ಡಿಆರ್ ಚಿತ್ರ ಮಂಕು ಕವಿದಂತೆ ಕಾಣುತ್ತದೆ. ಅಂಥಲ್ಲಿ ಪ್ಲೇಯರಿನಲ್ಲೇ ಸಾಮಾನ್ಯ ವ್ಯಾಪ್ತಿಯ ಎಸ್‌ಡಿಆರ್‌ಗೆ ಬದಲಿಸಿ ಕಳಿಸುವುದು ಹೆಚ್ಚು ಸುಖ ಕೊಡುತ್ತದೆ.

ಉಳಿದ ಹಿಡಿಕೆಗಳು

ಶಾರ್ಪ್‌ನೆಸ್ ಹೊಸ ವಿವರವನ್ನು ತರುವುದಿಲ್ಲ, ಅಂಚುಗಳಿಗೆ ಗೆರೆ ಎಳೆಯುತ್ತದೆ. ಸಿನಿಮಾದ ಶೀರ್ಷಿಕೆಯ ಅಕ್ಷರಗಳ ಬಳಿ ಹೋಗಿ ನೋಡಿದರೆ ‘ಕ’ದ ತಲೆಕಟ್ಟಿನ ಸುತ್ತ, ಒತ್ತಕ್ಷರದ ಬಳುಕಿನ ಸುತ್ತ ತೆಳ್ಳನೆಯ ಬಿಳಿ ಬಳೆ ಕಾಣುತ್ತದೆ; ಅದು ಮಾಯವಾಗುವ ತನಕ ಇಳಿಸಬೇಕು. ಓರೆಯಾದ ಚಿತ್ರವನ್ನು ನೇರ ಆಕಾರಕ್ಕೆ ತರುವ ಕೀಸ್ಟೋನ್ ತಿದ್ದುಪಡಿ ಪಿಕ್ಸೆಲ್‌ಗಳನ್ನು ಹಿಂಡಿ ಚಿತ್ರವನ್ನು ಮೆದುವಾಗಿಸುವುದರಿಂದ ಪ್ರೊಜೆಕ್ಟರನ್ನು ನೇರವಾಗಿ ಕೂರಿಸುವುದು ಅಥವಾ ಲೆನ್ಸ್ ಶಿಫ್ಟ್ ಬಳಸುವುದು ಮೇಲು. ಸೆಕೆಂಡಿಗೆ 24 ಚೌಕಟ್ಟುಗಳ ಸಿನಿಮಾಕ್ಕೆ ನಡುವೆ ಹೊಸ ಚೌಕಟ್ಟು ಸೇರಿಸುವ ಸೌಲಭ್ಯವನ್ನು ಆಫ್ ಮಾಡದಿದ್ದರೆ ಚಿತ್ರ ಟಿವಿ ಧಾರಾವಾಹಿಯ ನುಣುಪಿಗೆ ಇಳಿಯುತ್ತದೆ.

ಸಾಧನಗಳು, ದೀಪದ ವಯಸ್ಸು

ಕಪ್ಪು, ಬಿಳಿ, ಶಾರ್ಪ್‌ನೆಸ್‌ಗಳಿಗೆ ಕಣ್ಣು ಸಾಕು. ಬೂದು ಮೆಟ್ಟಿಲು ಮತ್ತು ಬಣ್ಣಗಳಿಗೆ ಕಣ್ಣನ್ನು ನಂಬುವಂತಿಲ್ಲ. ಯಾವ ಬಿಳಿಯನ್ನು ತೋರಿಸಿದರೂ ಅದು ಕೆಲವೇ ನಿಮಿಷಗಳಲ್ಲಿ ಒಪ್ಪಿಕೊಂಡುಬಿಡುತ್ತದೆ. ಕಲರಿಮೀಟರ್ ಎಂಬ ಪುಟ್ಟ ಅಳತೆಯ ಸಾಧನವನ್ನು ಟ್ರೈಪಾಡಿನ ಮೇಲೆ ಪರದೆಗೆ ಮುಖಮಾಡಿ ನಿಲ್ಲಿಸಿ, ಎಚ್‌ಸಿಎಫ್‌ಆರ್‌ನಂಥ ಉಚಿತ ತಂತ್ರಾಂಶದೊಂದಿಗೆ ಅಳೆಯುತ್ತಾರೆ. ಪರದೆಯಿಂದ ಹಿಂತಿರುಗುವ ಬೆಳಕನ್ನೇ ಅಳೆಯುವುದರಿಂದ ಪರದೆಯ ಬಣ್ಣ, ಗೋಡೆಯ ಬಣ್ಣ ಎಲ್ಲವೂ ಲೆಕ್ಕಕ್ಕೆ ಸೇರುತ್ತವೆ. ಅಳೆಯುವ ಮೊದಲು ಪ್ರೊಜೆಕ್ಟರ್ ಅರ್ಧ ಗಂಟೆಯಾದರೂ ಉರಿದಿರಬೇಕು.

ಬೇರೊಬ್ಬರ ಅಂಕಿಗಳನ್ನು ನಕಲು ಮಾಡಿದರೆ ಪ್ರಯೋಜನ ಕಡಿಮೆ. ಒಂದೇ ಮಾದರಿಯ ಎರಡು ಪ್ರೊಜೆಕ್ಟರುಗಳ ದೀಪಗಳೂ ಒಂದೇ ತರಹ ಇರುವುದಿಲ್ಲ. ಒಂದೇ ದೀಪವೂ ಮೊದಲ ನೂರು ಗಂಟೆಗಳಲ್ಲಿ ಬೇಗ ಬದಲಾಗಿ ಆಮೇಲೆ ನಿಧಾನವಾಗುತ್ತದೆ. ಕೊನೆಗಾಲಕ್ಕೆ ಅದರ ಬೆಳಕು ಅರ್ಧಕ್ಕೆ ಇಳಿದಿರುತ್ತದೆ. ಹೀಗಾಗಿ ಮೊದಲ ಸರಿಯಾದ ಹೊಂದಾಣಿಕೆಯನ್ನು ನೂರು ಗಂಟೆ ಉರಿಸಿದ ಮೇಲೆ ಮಾಡಿ, ಮುಂದೆ ಕೆಲವು ನೂರು ಗಂಟೆಗಳಿಗೊಮ್ಮೆ ಬಿಳಿಯನ್ನು ಮತ್ತೆ ಅಳೆಯುತ್ತಾರೆ. ಲೇಸರ್ ಮತ್ತು ಎಲ್‌ಇಡಿ ಮೂಲಗಳಲ್ಲಿ ಈ ಬದಲಾವಣೆ ಬಹಳ ನಿಧಾನ. ಗಾಳಿಯ ಫಿಲ್ಟರಿನ ಧೂಳು ತೆಗೆಯುವ ದಿನವೇ ಪ್ಲೂಜ್ ಚಿತ್ರವನ್ನೂ ಒಮ್ಮೆ ಹಾಕಿ ನೋಡಿ, ದೀಪ ಉರಿದ ಗಂಟೆ, ಬ್ರೈಟ್‌ನೆಸ್, ಕಾಂಟ್ರಾಸ್ಟ್, ಮೂರು ಗೇನ್, ಮೂರು ಆಫ್‌ಸೆಟ್‌ಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವುದು ವಾಡಿಕೆ. ದೀಪ ಬದಲಿಸಿದ ದಿನ ಹಳೆಯ ಪುಟಕ್ಕೆ ಗೆರೆ ಎಳೆದು ಹೊಸ ಪುಟ ಶುರುಮಾಡಬೇಕಾಗುತ್ತದೆ.